ಫೆಲಿಸ್ಮಿನಾ ಹುಟ್ಟಿದ ಮನೆ

ಲಿಸ್ಬನ್ನಿನ ಹಳೇ ಬಡಾವಣೆ ಅಲ್ಫಾಮಾದಲ್ಲಿ ಏನೂ ನಡೆಯದ ಮನೆ ಎಂಬುದಿಲ್ಲ. ಒಂದು ಮನೆಯವರ ಅಜ್ಜಿಗೆ ಸಂತ ಅಂತೋನಿ ಕನಸಿನಲ್ಲಿ ಬಂದು ಕಳೆದುಹೋದ ಬೀಗದಕೈ ಎಲ್ಲಿದೆಯೆಂದು ಹೇಳಿದ್ದಾನೆ. ಇನ್ನೊಂದು ಮನೆಯ ಬಾಗಿಲಲ್ಲಿ ಇಬ್ಬರು ನಾವಿಕರು ಒಬ್ಬಳೇ ಹುಡುಗಿಗಾಗಿ ಒಬ್ಬರನ್ನೊಬ್ಬರು ಚೂರಿಯಿಂದ ಚುಚ್ಚಿಕೊಂಡು ಸತ್ತಿದ್ದಾರೆ. ಆ ಹುಡುಗಿ ಮೂರನೆಯವನನ್ನು ಮದುವೆಯಾಗಿ ಸುಖವಾಗಿದ್ದಳು. ಮತ್ತೊಂದು ಮನೆಯಲ್ಲಿ, ಭೂಕಂಪಕ್ಕೆ ಇಡೀ ಲಿಸ್ಬನ್ ಮಗುಚಿ ಬಿದ್ದಾಗಲೂ ಕಪಾಟಿನ ಒಂದು ತಟ್ಟೆ ಒಡೆಯಲಿಲ್ಲವಂತೆ. ಕುಸ್ತೋಡಿಯೊ ಪಿಮೆಂಟಾನ ಮನೆಯಲ್ಲಿ ಮಾತ್ರ ಏನೆಂದರೆ ಏನೂ ನಡೆದಿರಲಿಲ್ಲ. ಛಾವಣಿ ಸೋರುತ್ತಿತ್ತು, ಅಷ್ಟೆ.

ಕುಸ್ತೋಡಿಯೊ ತೇಜೊ ನದಿ ದಾಟಿಸುವ ದೋಣಿಯಲ್ಲಿ ಟಿಕೆಟ್ ನೋಡುವ ಕೆಲಸ ಮಾಡಿ ನಿವೃತ್ತನಾದವನು. ಜೀವಮಾನವೆಲ್ಲ ಆಚೆ ದಡದವರನ್ನು ಈಚೆಗೂ ಈಚೆ ದಡದವರನ್ನು ಆಚೆಗೂ ಸಾಗಿಸಿ ಸಾಗಿಸಿ ಅವನಿಗೆ ನೀರು ಕಂಡರೆ ಆಗುತ್ತಿರಲಿಲ್ಲ. ಕೆಲಸ ಬಿಟ್ಟ ದಿನವೇ, "ಇನ್ನು ಆ ದೋಣಿ ಹತ್ತಲ್ಲ. ಹುಟ್ಟಿದ್ದು ಈ ಮನೇಲಿ, ಸಾಯೋದೂ ಈ ಮನೇಲೇ," ಎಂದು ಸಂತ ಅಂತೋನಿಯ ಮೇಲೆ ಆಣೆಯಿಟ್ಟಿದ್ದ. ಮನೆ ಬಾಡಿಗೆಯದು, ಅಪ್ಪನ ಕಾಲದ್ದು. ಆದರೆ ಅದು ತನ್ನದಲ್ಲ ಎಂಬ ಯೋಚನೆ ಅವನಿಗೆ ಯಾವತ್ತೂ ಬಂದಿರಲಿಲ್ಲ. ಸೋರುವ ಕಡೆ ಬಕೆಟ್ ಇಟ್ಟು, ಕಿಟಕಿಯಲ್ಲಿ ಮೊಣಕೈ ಊರಿ ಕೂತರೆ ಅವನಿಗೆ ಬೇರೆ ಸ್ವರ್ಗ ಬೇಕಿರಲಿಲ್ಲ.

ಆ ಕಿಟಕಿಯ ಕೆಳಗೇ ದಿನಾ ಬೆಳಿಗ್ಗೆ ರೆನಾಟಾ ಬರುತ್ತಿದ್ದಳು. ಹಳೇ ಬಡಾವಣೆಗಳನ್ನು ಕಾಲ್ನಡಿಗೆಯಲ್ಲಿ ತೋರಿಸುವ ಹುಡುಗಿ. ಕೈಯಲ್ಲಿ ಹಳದಿ ಕೊಡೆ, ಹಿಂದೆ ಒಂದು ಹಿಂಡು ಪರದೇಶಿಗಳು. ಬೀಗದಕೈ ಮನೆಯ ಮುಂದೆ ನಿಂತು ಹೇಳುವಳು, ಚೂರಿ ಮನೆಯ ಮುಂದೆ ನಿಂತು ಹೇಳುವಳು, ತಟ್ಟೆ ಮನೆಯ ಮುಂದಂತೂ ಕೈಯೆತ್ತಿ ಕುಣಿದು ಹೇಳುವಳು. ಕುಸ್ತೋಡಿಯೊನ ಮನೆಯ ಮುಂದೆ ಬಂದಾಗ, "ಇಲ್ಲಿ ಮೆಟ್ಟಿಲು ಒಡೆದಿದೆ, ಜೋಪಾನ," ಎಂದು ಮುಂದೆ ಹೋಗುವಳು. ಅವಳು ಯಾವ ಭಾಷೆಯಲ್ಲಿ ಹೇಳಿದರೂ ಅವನಿಗೆ ಅರ್ಥವಾಗುತ್ತಿತ್ತು, ಏಕೆಂದರೆ ಅಷ್ಟೂ ಜನ ಒಟ್ಟಿಗೆ ತಮ್ಮ ಕಾಲು ನೋಡಿಕೊಳ್ಳುತ್ತಿದ್ದರು.

ಇದನ್ನು ಅವನು ಬಹಳ ಕಾಲ ಸಹಿಸಿದ. ಆದರೆ ಒಂದು ದಿನ ಕೆಂಪು ಗಡ್ಡದವನೊಬ್ಬ ನಿಂತು, ತಲೆಯೆತ್ತಿ, ಹಗ್ಗದ ಮೇಲೆ ಒಣಗುತ್ತಿದ್ದ ಕುಸ್ತೋಡಿಯೊನ ಒಳಚಡ್ಡಿಯ ಫೋಟೊ ತೆಗೆದ. ಈ ಮನೆಯಲ್ಲಿ ನೋಡುವಂಥದ್ದು ಅದೊಂದೇ ಎಂಬ ಹಾಗೆ, ಬಹಳ ಶ್ರದ್ಧೆಯಿಂದ ತೆಗೆದ. ಕುಸ್ತೋಡಿಯೊನಿಗೆ ಉರಿದುಹೋಯಿತು.

"ಏ ಹುಡ್ಗಿ, ಸ್ವಲ್ಪ ನಿಲ್ಲಮ್ಮ. ಎಲ್ಲರ ಮನೆ ಕತೆನೂ ಹೇಳ್ತೀಯ, ನಮ್ಮನೇದು ಮಾತ್ರ ಯಾಕೆ ಹೇಳಲ್ಲ?"

"ನಿಮ್ಮನೇಲಿ ಏನಿದೆ, ಸೆನ್ಯೋರ್?"

"ಏನಿದೆಯಾ! ಚೆನ್ನಾಗ್ ಕೇಳ್ದೆ! ಫೆಲಿಸ್ಮಿನಾ ಹುಟ್ಟಿದ ಮನೆ ಕಣಮ್ಮ ಇದು."

"ಯಾವ ಫೆಲಿಸ್ಮಿನಾ?"

ಇಲ್ಲಿಗೆ ನಿಲ್ಲಿಸಬಹುದಿತ್ತು. ದೇವರು ಪ್ರತಿಯೊಬ್ಬ ಮೂರ್ಖನಿಗೂ ಬಾಯಿ ಮುಚ್ಚಿಕೊಳ್ಳಲು ಒಂದು ಗಳಿಗೆ ಕೊಡುತ್ತಾನೆ, ಆ ಗಳಿಗೆ ಇದೇ ಆಗಿತ್ತು. ಕೆಂಪು ಗಡ್ಡದವನು ಇನ್ನೂ ಚಡ್ಡಿಯನ್ನೇ ನೋಡುತ್ತಿದ್ದ.

"ಕರೀ ಶಾಲಿನ ಫೆಲಿಸ್ಮಿನಾ! ಫಾಡೊ ಹಾಡ್ತಿದ್ಲಲ್ಲ, ನಮ್ಮ ವಿರಹದ ಹಾಡು! ಅವಳು ಗಂಟಲು ತೆಗೆದ್ರೆ ತೇಜೊ ಮೇಲೆ ದೋಣಿಗಳು ನಿಂತ್ಬಿಡೋವು. ಇದೇ ಮೆಟ್ಲ ಮೇಲೆ ಕೂತು ಹಾಡಿ ಹಾಡೀನೇ ಮೆಟ್ಲು ಒಡೆದಿರೋದು."

ರೆನಾಟಾ ಅದನ್ನು ಅವರ ಭಾಷೆಗೆ ತಿರುಗಿಸಿದಳು. ಕೆಂಪು ಗಡ್ಡದವನು ಟೋಪಿ ತೆಗೆದ. ಒಬ್ಬ ಹೆಂಗಸು ಬಗ್ಗಿ ಒಡೆದ ಮೆಟ್ಟಿಲನ್ನು ಮುಟ್ಟಿ ಕಣ್ಣೊರೆಸಿಕೊಂಡಳು.

ಫೆಲಿಸ್ಮಿನಾ ಎಂಬುದು ಸತ್ತುಹೋದ ಅವನ ಅತ್ತೆಯ ಹೆಸರು. ಊರಿನ ಇನ್ನೊಂದು ತುದಿಯಲ್ಲಿ ತಲೆ ಮೇಲೆ ಬುಟ್ಟಿ ಹೊತ್ತು ಬೂತಾಯಿ ಮೀನು ಮಾರುತ್ತಿದ್ದಳು. ದೋಣಿ ನಿಂತದ್ದು ನಿಜ. ಒಮ್ಮೆ ಚಿಲ್ಲರೆಗಾಗಿ ಕಟ್ಟೆಯ ಮೇಲೆ ಅವಳು ಜಗಳ ತೆಗೆದಾಗ ದೋಣಿಯವನು ಹೆದರಿ ಹಗ್ಗ ಬಿಚ್ಚಿರಲಿಲ್ಲ.

ಒಳಗೆ ಹೆಂಡತಿ ಇದಲೀನಾ ಆಲೂಗಡ್ಡೆ ಸುಲಿಯುತ್ತಿದ್ದಳು. ಇದಲೀನಾಗೆ ತಾಯಿಯ ಗಂಟಲೇ ಬಂದಿತ್ತು. ಮದುವೆಯಾದ ಹೊಸತರಲ್ಲಿ ಕುಸ್ತೋಡಿಯೊ, "ಏನ್ ಬೇಕಾದ್ರೂ ಬೈ, ಮೆಲ್ಲಗೆ ಬೈ," ಎಂದು ಬೇಡಿಕೊಂಡಿದ್ದ. ಆ ಮಾತನ್ನು ಅವಳು ಇವತ್ತಿನವರೆಗೂ ಉಳಿಸಿಕೊಂಡು ಬಂದಿದ್ದಳು. ಈಗಲೂ ಮೆಲ್ಲಗೇ ಕೇಳಿದಳು.

"ನಮ್ಮಮ್ಮ? ಫಾಡೊ?"

"ಇರ್ಲಿ ಬಿಡೆ. ಇದ್ದಾಗಂತೂ ಒಳ್ಳೇ ಹೆಸರು ಬರ್ಲಿಲ್ಲ, ಸತ್ತ ಮೇಲಾದ್ರೂ ಬರ್ಲಿ."

"ಇರಲಾರದೆ ಇರುವೆ ಬಿಟ್ಕೊಂಡ್ರಂತೆ," ಎಂದು ಇದಲೀನಾ ಇನ್ನೊಂದು ಆಲೂಗಡ್ಡೆ ತೆಗೆದುಕೊಂಡಳು.

ಮಾರನೆಯ ದಿನ ರೆನಾಟಾ ಎದುರು ಕಿಟಕಿಯ ಝುಲ್ಮೀರಾ ಅಜ್ಜಿಯನ್ನು, "ಡೋನಾ ಝುಲ್ಮೀರಾ, ಫೆಲಿಸ್ಮಿನಾ ಅನ್ನೋರು ನಿಮಗೆ ಗೊತ್ತಿತ್ತಾ?" ಎಂದು ಕೇಳಿದಳು. ಅಲ್ಫಾಮಾದ ಹೆಂಗಸು ಜೀವ ಬೇಕಾದರೂ ಬಿಟ್ಟಾಳು, ತನ್ನ ಓಣಿಯವರೊಬ್ಬರು ತನಗೆ ಗೊತ್ತಿಲ್ಲವೆಂದು ಹೇಳಲಾರಳು.

"ಗೊತ್ತಿತ್ತಾ ಅಂತ ಕೇಳ್ತೀಯಲ್ಲೇ! ನನ್ನ ಎತ್ತಿ ಆಡ್ಸಿದ್ದೇ ಅವಳು! ಎಡಗೆನ್ನೆ ಮೇಲೆ ಮಚ್ಚೆ. ಆ ಮಚ್ಚೆ ನೋಡೇ ಅಲ್ವಾ ಆ ನಾವಿಕ ಮರುಳಾಗಿದ್ದು. ಕೈ ಕೊಟ್ಟು ಬ್ರೆಜಿಲ್ಲಿಗೆ ಹೋದ, ಹಾಳಾದವನು. ಅವತ್ತಿಂದ ಕರೀ ಶಾಲು ಹೊದ್ದೋಳು ಸಾಯೋವರ್ಗೂ ತೆಗೀಲಿಲ್ಲ ನೋಡು."

ಕಿಟಕಿಯಲ್ಲಿ ಕೂತು ಕೇಳುತ್ತಿದ್ದ ಕುಸ್ತೋಡಿಯೊನಿಗೆ ನಾವಿಕನ ವಿಷಯ ಗೊತ್ತಿರಲಿಲ್ಲ. ಪಾಪ, ಎಷ್ಟು ನೋವುಂಡಿದ್ದಳು ಎಂದು ಅವನೂ ಮರುಗಿದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಎಲ್ಲ ಊರಿನಲ್ಲೂ ಇರುತ್ತಾರೆ. ಅಲ್ಫಾಮಾದಲ್ಲಿ ಕರುವಿಗೆ ಹೆಸರನ್ನೂ ಇಡುತ್ತಾರೆ.

ಮೂಲೆಯ ಹೋಟೆಲಿನ ಲಿಯೊಪೋಲ್ಡೊ ಓಣಿಯ ಸಂಘದ ಅಧ್ಯಕ್ಷನೂ ಹೌದು. ಅವನು ತನ್ನ ದಿವಂಗತ ಚಿಕ್ಕಮ್ಮನ ಫೋಟೊಕ್ಕೆ ಚೌಕಟ್ಟು ಹಾಕಿಸಿ ಇವಳೇ ಫೆಲಿಸ್ಮಿನಾ ಎಂದು ಗಲ್ಲಾದ ಮೇಲೆ ನೇತುಹಾಕಿ, ಅವಳಿಗೆ ಪ್ರಿಯವಾದ ಉಪ್ಪುಮೀನಿನ ಪಲ್ಯ ಎಂದು ಹಳೇ ಪಲ್ಯವನ್ನೇ ಬಡಿಸತೊಡಗಿದ. ಆ ಚಿಕ್ಕಮ್ಮನೂ ಕಪ್ಪು ಶಾಲು ಹೊದ್ದಿದ್ದಳು, ಆ ಕಾಲದಲ್ಲಿ ಹೊದೆಯದವರು ಯಾರು?

ಕೊನೆಗೆ ರೆನಾಟಾ ಕುಸ್ತೋಡಿಯೊನನ್ನೇ ಕರೆದಳು. "ನೀವೂ ನಮ್ ಜೊತೆ ನಡೀರಿ, ಸೆನ್ಯೋರ್. ಫೆಲಿಸ್ಮಿನಾ ಓಡಾಡಿದ ಜಾಗ ಎಲ್ಲಾ ತೋರ್ಸಿ."

ಒಂದು ವಿಷಯ ಅವಳಿಗೆ ಗೊತ್ತಿರಲಿಲ್ಲ. ಕುಸ್ತೋಡಿಯೊ ಆಯುಷ್ಯವಿಡೀ ಮನೆಯಿಂದ ದೋಣಿಕಟ್ಟೆಗೆ, ದೋಣಿಕಟ್ಟೆಯಿಂದ ಮನೆಗೆ ನಡೆದವನು. ಉಳಿದ ಲಿಸ್ಬನ್ನನ್ನು ನೀರಿನ ಮೇಲಿಂದ ನೋಡಿ ಬಲ್ಲ, ಅಷ್ಟೆ. ನೀರಿನ ಮೇಲಿಂದ ನೋಡಿದರೆ ಲಿಸ್ಬನ್ನಿನಲ್ಲಿ ಏರು ಇರುವುದೇ ತಿಳಿಯುವುದಿಲ್ಲ. ಗ್ರಾಸಾ ಗುಡ್ಡದ ಮೊದಲ ತಿರುವಿಗೇ ಅವನ ಮಂಡಿ ಕೈಕೊಟ್ಟಿತು. ಮಂಡಿ ನೋಯುತ್ತದೆ ಎಂದು ಹೇಳಲು ಮರ್ಯಾದೆ ಅಡ್ಡ ಬಂದು, ಒಂದು ಕಟ್ಟೆಯ ಮೇಲೆ ಕೂತು, "ಇಲ್ಲೇ ಫೆಲಿಸ್ಮಿನಾ ಕೂತು ದಣಿವಾರಿಸಿಕೊಳ್ತಿದ್ಲು," ಎಂದ. ಮುಂದಿನ ತಿರುವಿನಲ್ಲಿ ಅವಳು ಕೂತು ನಾವಿಕನನ್ನು ನೆನೆದಳು. ಅದರ ಮುಂದಿನದರಲ್ಲಿ ನೀರು ಕುಡಿದಳು. ಮೇಲೆ ತಲುಪುವ ಹೊತ್ತಿಗೆ ಊರಿನಲ್ಲಿ ಫೆಲಿಸ್ಮಿನಾ ಕೂರದ ಕಟ್ಟೆಯೇ ಉಳಿಯಲಿಲ್ಲ. ಇಷ್ಟು ಕೂತವಳು ಹಾಡಿದ್ದು ಯಾವಾಗ ಎಂದು ಒಬ್ಬರೂ ಕೇಳಲಿಲ್ಲ.

ಇಳಿದದ್ದು ಪಕ್ಕದ ಬಡಾವಣೆ ಮೊರಾರಿಯಾಕ್ಕೆ. ಅಲ್ಫಾಮಾಕ್ಕೂ ಮೊರಾರಿಯಾಕ್ಕೂ ಎಣ್ಣೆ ಸೀಗೆಕಾಯಿ. ಫಾಡೊ ನಮ್ಮಲ್ಲಿ ಹುಟ್ಟಿದ್ದು ಎಂದು ಇವರು, ಅಲ್ಲ ನಮ್ಮಲ್ಲಿ ಎಂದು ಅವರು. ಜೂನ್ ತಿಂಗಳ ಸಂತ ಅಂತೋನಿ ಹಬ್ಬದ ಮೆರವಣಿಗೆಯಲ್ಲಿ ಯಾರು ಗೆದ್ದರೂ ಇನ್ನೊಬ್ಬರ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅಂಥ ಜಾಗದಲ್ಲಿ ಕುಸ್ತೋಡಿಯೊ ಒಬ್ಬ ಕ್ಷೌರಿಕನ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು, "ಇಲ್ಲಿ ಕೂತು ಫೆಲಿಸ್ಮಿನಾ ಅತ್ತಿದ್ಲು," ಎಂದ.

ಕ್ಷೌರಿಕ ಎವರಿಸ್ಟೊ ಕತ್ತಿ ಹಿಡಿದುಕೊಂಡೇ ಹೊರಗೆ ಬಂದ. ಒಳಗೆ ಅರ್ಧ ಗಡ್ಡದ ಗಿರಾಕಿ ಕತ್ತು ಚಾಚಿ ನೋಡುತ್ತಿದ್ದ.

"ಅತ್ತಿದ್ದಲ್ಲ ಯಜಮಾನ್ರೆ, ಹುಟ್ಟಿದ್ದೇ ಇಲ್ಲಿ! ಅವಳಪ್ಪನಿಗೆ ಕ್ಷೌರ ಮಾಡ್ತಿದ್ದೋನು ನಮ್ಮ ತಾತ."

"ಏನ್ ಮಾತಾಡ್ತೀಯಯ್ಯ! ಅವಳು ನಮ್ಮ ಮನೇಲಿ ಹುಟ್ಟಿದ್ದು!"

"ನಿಮ್ಮ ಅಲ್ಫಾಮಾದಲ್ಲಿ ಹುಟ್ಟೋದು ಬೆಕ್ಕಿನ ಮರಿ. ಹಾಡೋರು ಹುಟ್ಟೋದು ಮೊರಾರಿಯಾದಲ್ಲಿ. ಹೋಗಿ ಹೇಳಿ ನಿಮ್ಮ ಲಿಯೊಪೋಲ್ಡೊಗೆ!"

ಹೇಳುವ ಅಗತ್ಯ ಬೀಳಲಿಲ್ಲ. ಕುಸ್ತೋಡಿಯೊ ಕುಂಟುತ್ತ ಮನೆ ಸೇರುವಷ್ಟರಲ್ಲಿ ಸುದ್ದಿ ಮೊದಲೇ ಬಂದು ಕೂತಿತ್ತು. ಲಿಯೊಪೋಲ್ಡೊ ಗಲ್ಲಾ ಗುದ್ದಿ, "ಫೆಲಿಸ್ಮಿನಾನ ಕದಿಯೋಕೆ ಬಂದ್ರಾ! ಸಂತ ಅಂತೋನಿ ಹಬ್ಬದೊಳಗೆ ಕುಸ್ತೋಡಿಯೊ ಮನೆ ಗೋಡೆ ಮೇಲೆ ಫಲಕ ಏಳ್ಬೇಕು!" ಎಂದು ಕೂಗಿದ. ಎದ್ದಿತು. ನೀಲಿ ಬಿಳಿ ಪಿಂಗಾಣಿ ಬಿಲ್ಲೆಗಳ ಫಲಕ. ಅದರ ಮೇಲೆ, 'ಕರೀ ಶಾಲಿನ ಫೆಲಿಸ್ಮಿನಾ ಈ ಮನೆಯಲ್ಲಿ ಹುಟ್ಟಿದಳು. ಬೇರೆಲ್ಲೂ ಅಲ್ಲ.' ಹಬ್ಬಕ್ಕೆ ಬೂತಾಯಿ ಸುಡುವ ಹೊಗೆಯಲ್ಲಿ ಓಣಿಯೆಲ್ಲ ಕೆಮ್ಮುತ್ತ ಚಪ್ಪಾಳೆ ತಟ್ಟಿತು. ಝುಲ್ಮೀರಾ ಅಜ್ಜಿ ಫಲಕದ ಕೆಳಗೆ ಕಾಮಕಸ್ತೂರಿಯ ಕುಂಡವನ್ನಿಟ್ಟು ಅತ್ತಳು. ಕುಸ್ತೋಡಿಯೊ ರಿಬ್ಬನ್ ಕತ್ತರಿಸಿದ. ಅವನ ಬಾಳಿನಲ್ಲಿ ಅದಕ್ಕಿಂತ ಒಳ್ಳೆಯ ದಿನ ಬಂದಿರಲಿಲ್ಲ, ಆಮೇಲೂ ಬರಲಿಲ್ಲ.

ಮನೆಯ ಒಡೆಯ ಎಂಜಿನಿಯರ್ ಸರ್ಮೆಂಟೊ ಊರ ಹೊರಗಿನ ಬಂಗಲೆಯಲ್ಲಿದ್ದ. ಇಷ್ಟು ವರ್ಷದಲ್ಲಿ ಈ ಕಡೆ ತಲೆ ಹಾಕಿದವನಲ್ಲ. ಸೋರುತ್ತದೆ ಎಂದು ಫೋನ್ ಮಾಡಿದರೆ "ಬಕೆಟ್ ಇಡಿ" ಎನ್ನುತ್ತಿದ್ದ. ಒಮ್ಮೆ ಬಕೆಟ್ಟೂ ತೂತಾಗಿದೆ ಎಂದಾಗ ಫೋನ್ ಇಟ್ಟಿದ್ದ. ಹಬ್ಬ ಕಳೆದ ವಾರ ಅವನೇ ಹುಡುಕಿಕೊಂಡು ಬಂದ. ಫಲಕದ ಮುಂದೆ ಟೋಪಿ ತೆಗೆದು ನಿಂತ. ತನ್ನದೇ ಗೋಡೆಯನ್ನು ಸವರಿ, "ಇಂಥಾ ಮನೆ ನಂದಾ!" ಎಂದು ಬೆರಗಾದ. ಕುಸ್ತೋಡಿಯೊ ಎದೆಯುಬ್ಬಿಸಿ ಒಳಗೆ ಕರೆದ.

"ಅಭ್ಯಾಸ ಮಾಡ್ತಿದ್ದದ್ದು ಎಲ್ಲಿ?"

"ಇದೇ ಅಡುಗೆಮನೇಲಿ, ಎಂಜಿನಿಯರ್ ಸಾಹೇಬ್ರೆ."

"ಮಲಗ್ತಿದ್ದದ್ದು?"

"ನಾವು ಮಲಗೋ ರೂಮಲ್ಲೇ. ಮಂಚಾನೂ ಅದೇ."

"ನಾವಿಕನಿಗಾಗಿ ಕಾಯ್ತಿದ್ದದ್ದು?"

"ಈ ಕಿಟಕೀಲಿ! ಇಲ್ಲಿಂದ ನದಿ ಕಾಣುತ್ತೆ ನೋಡಿ!"

ಇದಲೀನಾ ಒಲೆಯ ಹತ್ತಿರ ನಿಂತು ಗಂಡನಿಗೆ ಕಣ್ಣು ಬಿಟ್ಟಳು, ಕೆಮ್ಮಿದಳು, ಸೌಟು ಕೆಳಗೆ ಹಾಕಿದಳು. ಕುಸ್ತೋಡಿಯೊ ತನ್ನ ಶವಪೆಟ್ಟಿಗೆಗೆ ತನ್ನ ಕೈಯಾರೆ ಒಂದೊಂದು ಮೊಳೆ ಹೊಡೆಯುತ್ತ ಹೋದ. ಎಂಜಿನಿಯರ್ ಸುತ್ತಲೂ ನೋಡಿ ನಿಟ್ಟುಸಿರು ಬಿಟ್ಟ.

"ಸೆನ್ಯೋರ್ ಕುಸ್ತೋಡಿಯೊ, ನೀವೇ ಹೇಳಿ. ಇಂಥಾ ಪವಿತ್ರ ಜಾಗದಲ್ಲಿ ಒಬ್ರು ಆಲೂಗಡ್ಡೆ ಬೇಯಿಸ್ಕೊಂಡು ಕೂರೋದು ಸರೀನಾ? ಕರಾರು ಹೇಗೂ ಮುಗೀತಿದೆ. ಫೆಲಿಸ್ಮಿನಾ ಮಲಗಿದ ರೂಮಲ್ಲಿ ಒಂದು ರಾತ್ರಿ ಮಲಗೋಕೆ ಜನ ಸಮುದ್ರ ದಾಟಿ ಬರ್ತಾರೆ. ಬೇಸಿಗೆ ಕಳೀಲಿ, ಬಿಟ್ಟುಕೊಡಿ."

ಕುಸ್ತೋಡಿಯೊ ಬಾಗಿಲಿಗೆ ಅಡ್ಡ ನಿಂತ. "ಸಾಹೇಬ್ರೆ, ಸುಳ್ಳು. ಎಲ್ಲಾ ಸುಳ್ಳು! ಫೆಲಿಸ್ಮಿನಾ ಅನ್ನೋಳೇ ಇಲ್ಲ. ನಾನೇ ಹುಟ್ಟಿಸಿದ್ದು!"

"ಈಗ ತಾನೇ ಮಂಚ ತೋರ್ಸಿದ್ರಿ."

"ಅದು ನಮ್ಮ ಮಂಚ! ಅವಳು ನಮ್ಮತ್ತೆ! ಮೀನು ಮಾರ್ತಿದ್ಲು!"

ಎಂಜಿನಿಯರ್ ಅವನ ಹೆಗಲು ತಟ್ಟಿದ. "ಬಿಟ್ಟು ಹೋಗೋ ಸಂಕಟಕ್ಕೆ ಏನೇನೋ ಹೇಳ್ತಿದೀರ. ನಂಗರ್ಥ ಆಗುತ್ತೆ," ಎಂದು, ಒಡೆದ ಮೆಟ್ಟಿಲನ್ನು ಭಕ್ತಿಯಿಂದ ದಾಟಿ ಹೋದ.

ಇನ್ನು ಉಳಿದದ್ದು ಒಂದೇ ದಾರಿ, ಊರೆಲ್ಲರ ಮುಂದೆ ನಿಜ ಹೇಳುವುದು. ಅದಕ್ಕೆ ಸಂದರ್ಭವೂ ಒದಗಿತು. ಫೆಲಿಸ್ಮಿನಾ ಯಾರವಳು ಎಂದು ತೀರ್ಮಾನಿಸಲು ಲಿಯೊಪೋಲ್ಡೊ ಸಂಘದ ಸಭೆ ಕರೆದ. ಮೊರಾರಿಯಾದ ಕಡೆಯಿಂದ ಎವರಿಸ್ಟೊ ತನ್ನ ತಾತನ ಕ್ಷೌರದ ಬಟ್ಟಲನ್ನು ಸಾಕ್ಷಿಗೆ ತಂದಿದ್ದ. ಕುಸ್ತೋಡಿಯೊ ಎದ್ದು ನಿಂತ.

"ಅಣ್ಣಂದಿರಾ, ಅಮ್ಮಂದಿರಾ, ತಪ್ಪಾಯ್ತು. ಫೆಲಿಸ್ಮಿನಾ ನಮ್ಮನೇಲಿ ಹುಟ್ಟಿಲ್ಲ..."

"ಕೇಳಿಸ್ಕೊಂಡ್ರಾ!" ಎವರಿಸ್ಟೊ ಬಟ್ಟಲನ್ನು ಎತ್ತಿ ಹಿಡಿದು ಕುಣಿದ. "ಅವರ ಕಡೆಯೋನೇ ಒಪ್ಕೊಂಡ! ಅಲ್ಫಾಮಾದಲ್ಲಿ ಹುಟ್ಟಿಲ್ವಂತೆ!"

"ಅಯ್ಯೋ, ಮೊರಾರಿಯಾದಲ್ಲೂ ಹುಟ್ಟಿಲ್ಲ! ಎಲ್ಲೂ ಹುಟ್ಟಿಲ್ಲ!"

ಯಾರಿಗೂ ಕೇಳಿಸಲಿಲ್ಲ. ಲಿಯೊಪೋಲ್ಡೊನ ಮುಖ ಬೀಟ್‌ರೂಟ್ ಆಗಿತ್ತು. "ಎಷ್ಟು ತಿಂದೆಯಪ್ಪ ಮೊರಾರಿಯಾದೋರ ಹತ್ರ? ಹುಟ್ಟಿದ ಓಣಿಗೇ ದ್ರೋಹ ಬಗೆದೆಯಲ್ಲ!"

"ನಾನು ಅವಳ ಶಾಲು ಮುಟ್ಟಿದೀನೋ ಪಾಪಿ!" ಎಂದು ಝುಲ್ಮೀರಾ ಅಜ್ಜಿ ಕೋಲು ಬಡಿದಳು. "ಈ ಕೈಯಲ್ಲಿ! ಇಲ್ಲ ಅಂತೀಯಲ್ಲ, ನಾನೇನು ಸುಳ್ಳಿ ಅಂತೀಯಾ?"

ಆಗ ಇದಲೀನಾ ಎದ್ದಳು. ಅವಳು ಸಭೆಯಲ್ಲಿ ಬಾಯಿಬಿಟ್ಟವಳಲ್ಲವಾದ್ದರಿಂದ ಎಲ್ಲರೂ ಸುಮ್ಮನಾದರು. ಗಂಡನಿಗೆ ಕೊಟ್ಟ ಮಾತಿನಂತೆ ಮೆಲ್ಲಗೇ ಹೇಳಿದಳು.

"ಫೆಲಿಸ್ಮಿನಾ ನಮ್ಮಮ್ಮ. ಬೂತಾಯಿ ಮಾರ್ತಿದ್ಲು. ಹಾಡೋಕೆ ಬರ್ತಿರ್ಲಿಲ್ಲ. ಕಾಗೆ ಕೂಗಿದ ಹಾಗಿತ್ತು."

ಕುಸ್ತೋಡಿಯೊ ಉಸಿರು ಬಿಟ್ಟ, ಮನೆ ಉಳಿಯಿತು ಎಂದುಕೊಂಡ. ಅಷ್ಟರಲ್ಲಿ ಝುಲ್ಮೀರಾ ಅಜ್ಜಿ ಎದೆಗೆ ಕೈ ಒತ್ತಿಕೊಂಡು, "ಮಗಳು! ಫೆಲಿಸ್ಮಿನಾ ಮಗಳು! ನಮ್ಮ ಮಧ್ಯಾನೇ ಇದ್ದಳಲ್ರೋ!" ಎಂದು ಕಿರುಚಿ ಇದಲೀನಾಳನ್ನು ತಬ್ಬಿಕೊಂಡಳು. ಲಿಯೊಪೋಲ್ಡೊ ಓಡಿಬಂದು ಅವಳ ಕೈಗೆ ಮುತ್ತಿಟ್ಟ. ಎವರಿಸ್ಟೊ ಕೂಡ ಬಟ್ಟಲನ್ನು ಪಕ್ಕಕ್ಕಿಟ್ಟು ಇನ್ನೊಂದು ಕೈಗೆ ಮುತ್ತಿಟ್ಟ. ತಾಯಿಯ ಹಾಡನ್ನು ಹೀಗಳೆದದ್ದು ಏಕೆ ಎಂದು ಯಾರೋ ಕೇಳಿದ್ದಕ್ಕೆ ಅಜ್ಜಿ, "ನಾವಿಕ ಇವಳಪ್ಪ ಅಲ್ವೇ? ಅಪ್ಪ ಬಿಟ್ಟು ಹೋದ ಸಿಟ್ಟು, ಅಮ್ಮನ ಮೇಲೆ ತೀರಿಸ್ಕೊತಾಳೆ," ಎಂದು ಬಗೆಹರಿಸಿದಳು. ಇದಲೀನಾಳ ಅಪ್ಪ ಕೊನೆಯವರೆಗೂ ಮನೆಯಲ್ಲೇ ಇದ್ದು, ಅತಿಯಾಗಿ ತಿಂದು ಸತ್ತವನು.

ಹೀಗೆ ಹೆಂಡತಿ ಮಹಾಗಾಯಕಿಯ ಮಗಳಾದಳು, ಗಂಡ ದ್ರೋಹಿಯಾದ, ಮನೆ ಎಂಜಿನಿಯರನದಾಯಿತು.

ಸೆಪ್ಟೆಂಬರ್‌ನಲ್ಲಿ ಅವರು ಖಾಲಿ ಮಾಡಿದರು. ಓಣಿಯವರು ಒಬ್ಬರೂ ಸಾಮಾನಿಗೆ ಕೈ ಹಾಕಲಿಲ್ಲ. ಮುದುಕ ಮುದುಕಿಯೇ ಹಾಸಿಗೆಯನ್ನು ತಲೆಯ ಮೇಲೆ ಹೊತ್ತು ಇಳಿದರು. ಮಂಚವನ್ನು ಬಿಟ್ಟು ಹೋಗಬೇಕೆಂದು ಎಂಜಿನಿಯರ್ ಕೇಳಿಕೊಂಡಿದ್ದ. ಎದುರಿನಿಂದ ರೆನಾಟಾಳ ಹಿಂಡು ಬಂದು, ಹಾಸಿಗೆಗೆ ದಾರಿಬಿಟ್ಟು ಗೋಡೆಗೆ ಒತ್ತಿ ನಿಂತಿತು, ಮತ್ತು ಫೋಟೊ ತೆಗೆಯಿತು. "ಮೆಟ್ಟಿಲು ಜೋಪಾನ, ಸೆನ್ಯೋರ್," ಎಂದಳು ರೆನಾಟಾ. ಅವಳ ಕಣ್ಣು ಒದ್ದೆಯಾಗಿತ್ತು, ಕೊಡೆ ಮಾತ್ರ ಎತ್ತಿಯೇ ಇತ್ತು.

ಅವರಿಗೆ ಬಾಡಿಗೆ ಕೊಡಲಾಗುವಂಥ ಮನೆ ಸಿಕ್ಕಿದ್ದು ನದಿಯಾಚೆ. ಆಣೆ ಮುರಿದು ಕುಸ್ತೋಡಿಯೊ ದೋಣಿ ಹತ್ತಿದ. ಹೊಸ ಮನೆ ಎತ್ತರದ ಕಟ್ಟಡದಲ್ಲಿ ಒಂದು ಗೂಡು. ಗೋಡೆ ಎಷ್ಟು ತೆಳುವೆಂದರೆ ಪಕ್ಕದವರು ಸಕ್ಕರೆ ಕಲಕುವುದೂ ಕೇಳುತ್ತಿತ್ತು. ಕಿಟಕಿಯಿಂದ ಕಾಣುತ್ತಿದ್ದದ್ದು ಇನ್ನೊಂದು ಕಿಟಕಿ, ಅದೂ ಮುಚ್ಚಿತ್ತು.

ಚಳಿಗಾಲ ಕಳೆದ ಮೇಲೆ ರೆನಾಟಾ ಫೋನ್ ಮಾಡಿದಳು. ಫೆಲಿಸ್ಮಿನಾಳ ಹೆಸರಿಗೆ ಬರುವ ದುಡ್ಡು ನೋಡಿ ಓಣಿಯ ಉಳಿದ ಒಡೆಯರೂ ಕಣ್ಣು ತೆರೆದಿದ್ದರು. ಝುಲ್ಮೀರಾ ಅಜ್ಜಿಯ ಮನೆಯನ್ನೂ ಬಿಡಿಸಿದ್ದರು. ಅಜ್ಜಿ ಯಾವುದೋ ಹಳ್ಳಿಯಲ್ಲಿ ತಂಗಿಯ ಮಗಳ ಮನೆಯಲ್ಲಿದ್ದಾಳಂತೆ, ಅಲ್ಲಿ ಅವಳ ಮಾತು ಕೇಳುವವರಿಲ್ಲವಂತೆ. ಲಿಯೊಪೋಲ್ಡೊನ ಹೋಟೆಲೂ ಹೋಗಿ, ಅಲ್ಲೀಗ ಬಣ್ಣಬಣ್ಣದ ಡಬ್ಬಿಗಳಲ್ಲಿ ಬೂತಾಯಿ ಮಾರುತ್ತಾರೆ. ಓಣಿಯಲ್ಲಿ ಬೆಳಿಗ್ಗೆ ಕೇಳುವ ಸದ್ದೆಂದರೆ ಪ್ರವಾಸಿಗರ ಗಾಲಿ ಪೆಟ್ಟಿಗೆಗಳದು ಮಾತ್ರ.

"ನಡೆಯೋಕೆ ಬಂದೋರು ಕೇಳ್ತಾರೆ ಸೆನ್ಯೋರ್, ಇಲ್ಲಿಯ ಜನ ಎಲ್ಲಿ ಅಂತ. ಏನ್ ಹೇಳ್ಲಿ? ಎಂಜಿನಿಯರ್ ಸಾಹೇಬ್ರೂ ಒಪ್ಪಿದಾರೆ. ಬೆಳಿಗ್ಗೆ ಹೊತ್ತು ಬಂದು ಕಿಟಕೀಲಿ ಕೂತ್ರೆ ಸಾಕು. ಹಿಂದೆ ಕೂರ್ತಿದ್ರಲ್ಲ, ಹಾಗೇ."

ಕುಸ್ತೋಡಿಯೊ ಹೋದ. ನಾಚಿಕೆಯಾಗಲಿಲ್ಲವೇ ಎಂದು ಕೇಳಬೇಡಿ, ಆಯಿತು. ಆದರೂ ಹೋದ, ಮನೆ ನೋಡಬೇಕಿತ್ತು. ಟೋಪಿ ಹಾಕಿ, ತನ್ನ ಕಿಟಕಿಯಲ್ಲಿ, ತನ್ನ ಮೊಣಕೈ ಸವೆಸಿದ ಕಟ್ಟೆಯ ಮೇಲೆ ಮೊಣಕೈ ಊರಿ ಕೂತ. ಹಗ್ಗದ ಮೇಲೆ ಯಾರದೋ ಹೊಸ ಒಳಚಡ್ಡಿಗಳನ್ನು ಇಸ್ತ್ರಿ ಮಾಡಿ ಅಂದವಾಗಿ ನೇತುಹಾಕಿದ್ದರು. ಹಿಂಡು ಬಂತು. ರೆನಾಟಾ ನಾವಿಕನ ಕತೆ ಹೇಳಿದಳು, ಮೇಲೆ ಕೈ ತೋರಿಸಿ ಇವರು ಇಲ್ಲಿಯೇ ಹುಟ್ಟಿ ಬೆಳೆದವರು ಎಂದಳು. ಒಬ್ಬ ಮುದುಕಿ ಕತ್ತೆತ್ತಿ ಏನೋ ಕೇಳಿದಳು.

"ಫೆಲಿಸ್ಮಿನಾ ನಿಜವಾಗ್ಲೂ ಇಲ್ಲೇ ಇದ್ರಾ ಅಂತ ಕೇಳ್ತಿದಾರೆ," ಎಂದಳು ರೆನಾಟಾ.

"ಇಲ್ಲ ಅಂತ ಹೇಳಮ್ಮ. ಇಲ್ಲಿ ಫೆಲಿಸ್ಮಿನಾ ಇರ್ಲಿಲ್ಲ. ಇಲ್ಲಿದ್ದದ್ದು ನಾನು."

ರೆನಾಟಾ ತಲೆ ತಗ್ಗಿಸಿದಳು. ಆಮೇಲೆ ಅವನು ಹೇಳಿದ ಹಾಗೆಯೇ ಹೇಳಿದಳು. ಮುದುಕಿ ಎದೆಗೆ ಕೈಯಿಟ್ಟುಕೊಂಡಳು, ಉಳಿದವರು ನಕ್ಕು ಚಪ್ಪಾಳೆ ತಟ್ಟಿದರು. ಅಲ್ಫಾಮಾದ ಮುದುಕರು ತಮಾಷೆಗಾರರು ಎಂದು ಅವರು ಮೊದಲೇ ಕೇಳಿದ್ದರು. ಹಿಂಡು ಮೆಟ್ಟಿಲು ನೋಡಿಕೊಂಡು ಮುಂದೆ ಹೋಯಿತು. ರಾತ್ರಿ ತಂಗುವ ಅತಿಥಿಗಳು ಬರುವ ಹೊತ್ತಾಗಿದ್ದರಿಂದ ಕುಸ್ತೋಡಿಯೊ ಬೀಗ ಹಾಕಿ, ಬೀಗದಕೈಯನ್ನು ಕಾಮಕಸ್ತೂರಿ ಕುಂಡದ ಕೆಳಗಿಟ್ಟು ದೋಣಿಕಟ್ಟೆಗೆ ಇಳಿದ.

ನದಿಯಾಚೆ ಇದಲೀನಾ ಆಲೂಗಡ್ಡೆ ಸುಲಿಯುತ್ತಿದ್ದಳು. ತಲೆಯೆತ್ತದೆ ಕೇಳಿದಳು.

"ಮನೆ ಹೇಗಿದೆ?"

"ಚೆನ್ನಾಗಿದೆ," ಎಂದು ಕುಸ್ತೋಡಿಯೊ ಟೋಪಿ ತೆಗೆದಿಟ್ಟ. "ಸೋರ್ತಿಲ್ಲ. ಛಾವಣಿ ರಿಪೇರಿ ಮಾಡ್ಸಿದಾರೆ."

ಇದಲೀನಾ ಚಾಕು ಕೆಳಗಿಟ್ಟಳು. ಬಕೆಟ್ ಎತ್ತಿ ಸುರಿದ ಅಷ್ಟು ಮಳೆಗಾಲಗಳು ಒಟ್ಟಿಗೆ ನೆನಪಾದವೋ ಏನೋ, ಮದುವೆಯಾದ ಹೊಸತರಲ್ಲಿ ಕೊಟ್ಟ ಮಾತು ಅಂದು ಅವಳಿಗೆ ಮರೆತುಹೋಯಿತು. ಬಾಯಿ ತೆರೆದು, ತಾಯಿ ಕೊಟ್ಟ ಗಂಟಲನ್ನು ಪೂರ್ತಿಯಾಗಿ ತೆರೆದು ಅತ್ತಳು. ಕಿಟಕಿಯ ಗಾಜು ಅದುರಿತು. ಕುಸ್ತೋಡಿಯೊ ಮೆಲ್ಲಗೆ ಎನ್ನಲಿಲ್ಲ. ಅವಳ ಪಕ್ಕದಲ್ಲಿ ಕೂತ.

ಪಕ್ಕದ ಮನೆಯವರು ಗೋಡೆ ಬಡಿದರು.

"ಫಾಡೊ ಚೆನ್ನಾಗ್ ಹಾಡ್ತೀರಮ್ಮ! ಆದ್ರೆ ಮಗು ಮಲಗಿದೆ, ಸ್ವಲ್ಪ ಮೆಲ್ಲಗೆ!"